ಅವ್ವ ಮಾತಾಡಿದ ಸ್ಯಾಟಲೈಟ್ ಫೋನ್

ಚಳ್ಳಕೆರೆ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಮೊಬೈಲ್ ಅಂಗಡಿ. ಟವರ್ ಸಿಗುವ ಜನರನ್ನು ನಂಬಿಕೊಂಡು ನನ್ನ ಬದುಕು. ನಮ್ಮಣ್ಣ ಮಾತ್ರ ಟವರ್ ಸಿಗದ ಕಡೆಯೇ ಅರ್ಧ ವರ್ಷ ಕಳೆಯುವವನು. ಸುಗ್ಗಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಮೊಳಕಾಲ್ಮೂರು ದಾಟಿ ಆಂಧ್ರದ ಗುಡ್ಡಗಳಿಗೆ ಹೋದನೆಂದರೆ, ಯಾವುದಾದರೂ ಊರು ಸಿಕ್ಕಾಗ ಅವನಾಗಿಯೇ ಫೋನ್ ಮಾಡಬೇಕು. ಮಾಡಿದರೂ ಮಾತಿಲ್ಲ. "ಹ್ಞೂಂ" ಅನ್ನಲಿಕ್ಕೂ ಹಿಂದೆಮುಂದೆ ನೋಡುವ ಆಸಾಮಿ.

ಆ ವರ್ಷ ಅವ್ವ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಅವಳದು ಒಂದೇ ಜಪ, ದೊಡ್ಡವನ ಮುಖ ನೋಡಬೇಕು.

ಅದೇ ಹೊತ್ತಿಗೆ, ಟವರ್ ಇಲ್ಲದ ಕಡೆಯೂ ನಡೆಯುವ ಸ್ಯಾಟಲೈಟ್ ಫೋನ್ ತಯಾರಿಸುವ ಕಂಪನಿಯವನೊಬ್ಬ ಅಂಗಡಿಗೆ ಬಂದ. ಕುರಿ ಕಾಯುವವರ ಮನೆಯಲ್ಲಿ ಜಾಹೀರಾತಿನ ಚಿತ್ರ ತೆಗೆಯಬೇಕಂತೆ. ನಾನೂ ಫೋನ್ ಮಾರುವವನೇ ಅಲ್ಲವೇ, ಕೇಳಿಯೇಬಿಟ್ಟೆ: "ಕುರಿಯೋರು ಇದನ್ನ ಕೊಳ್ತಾರೇನ್ರಿ?"

ಅವನು ಚಹಾ ಹೀರುತ್ತ ನಕ್ಕ. "ಅವರೆಲ್ಲಿ ಕೊಳ್ತಾರೆ ಸರ್! ಕೊಳ್ಳೋದು ಗಣಿಯವರು, ಹಡಗಿನವರು, ಸರ್ಕಾರ. ಸೆಟ್ ಮಾರಿದ್ರೆ ನಮಗೆ ಹೆಚ್ಚೇನೂ ಗಿಟ್ಟಲ್ಲ. ಒಂದ್ಸಲ ಕೊಂಡವನು ನಿಮಿಷ ನಿಮಿಷಕ್ಕೂ ಕೊಡ್ತಾನೇ ಇರ್ತಾನಲ್ಲ, ಅದೇ ನಮ್ಮ ವ್ಯಾಪಾರ. ಆದ್ರೆ ಗಣಿ ತೋರಿಸಿದ್ರೆ ಯಾರ ಕಣ್ಣು ಒದ್ದೆಯಾಗುತ್ತೆ ಹೇಳಿ?"

ಮಾತು ನೇರವಾಗಿತ್ತು. ನನಗೆ ತಪ್ಪೇನೂ ಕಾಣಲಿಲ್ಲ. ನಮ್ಮವ್ವನ ಚಿತ್ರ ತೆಗೆದುಕೊಳ್ಳಿ, ಬದಲಿಗೆ ಅಣ್ಣನ ಹತ್ತಿರ ಒಮ್ಮೆ ಮಾತಾಡಿಸಿ ಎಂದೆ. "ಯಾಕಾಗಲ್ಲ? ನಮ್ಮ ಇನ್ನೊಂದು ತಂಡ ಇನ್ನೊಂದು ಸೆಟ್ ಹಿಡ್ಕೊಂಡು ಹಿಂಡಿನ ಹತ್ರಾನೇ ಹೋಗುತ್ತೆ" ಎಂದ.

ಎರಡು ದಿನ ಬಿಟ್ಟು ಕಂಪನಿಯವರು ಕ್ಯಾಮೆರಾ ಸಮೇತ ಮನೆಗೆ ಬಂದು ಅವ್ವನನ್ನು ಅಂಗಳದಲ್ಲಿ ಕೂರಿಸಿದರು. ಇದಕ್ಕೆ ಮೇಲೆ ಆಕಾಶ ಕಾಣಬೇಕಂತೆ. ಬೆರಳ ಗಾತ್ರದ ಆಂಟೆನಾ ಎತ್ತಿ ಸೆಟ್ಟನ್ನು ಅವಳ ಕಿವಿಗಿಟ್ಟರು. ಪರದೆ ಬೆಳಗುತ್ತಿತ್ತು.

"ಮಗಾ, ನನ್ನ ಕೈಲಿ ಇನ್ನ ಆಗಲ್ಲ ಕಣಪ್ಪ. ಕುರಿ ಯಾರ ಕೈಗಾದ್ರೂ ಒಪ್ಸಿ ಬಾ. ನಿನ್ನ ಮುಖ ನೋಡಿ ಕಣ್ಮುಚ್ತೀನಿ." ಕ್ಯಾಮೆರಾ ಹಿಡಿದಿದ್ದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

ಅವರು ಹೊರಟ ಮೇಲೆ ಅಣ್ಣ ಏನೆಂದ ಎಂದು ಅವ್ವನನ್ನು ಕೇಳಿದೆ.

"ಏನೂ ಅನ್ಲಿಲ್ಲ. ಕೇಳಿಸ್ಕೊಂಡ. ಅವನು ಹುಟ್ಟಿದಾಗಿಂದ ಹಂಗೇ ಅಲ್ವೇನೋ" ಎಂದಳು. ಬಹಳ ದಿನದ ಮೇಲೆ ಗಂಜಿ ಕೇಳಿ ಕುಡಿದಳು.

ಅವತ್ತೇ ಸಂಜೆ ಕೊಂಡ್ಲಹಳ್ಳಿಯ ಲಗೇಜ್ ಆಟೊದವನು ಬಾಗಿಲಿಗೆ ಬಂದ. ಗುಡ್ಡದಲ್ಲಿರುವ ಹಿಂಡುಗಳಿಗೆ ಹಿಟ್ಟು, ಕುರಿ ಔಷಧಿ ಮುಟ್ಟಿಸುವವನು ಅವನೇ. "ದೊಡ್ಡ ಮಗನ್ ಕಡೆ ಹೊಂಟೀನವ್ವ, ಏನಾದ್ರೂ ಹೇಳದೈತಾ?" ಎಂದ.

"ಏನೂ ಇಲ್ಲಪ್ಪ. ನಾನೇ ಮಾತಾಡೀನಿ" ಎಂದಳು ಅವ್ವ, ಜಂಬದಿಂದ. ನಾನೂ ಸುಮ್ಮನೆ ತಲೆಯಾಡಿಸಿದೆ.

ವಾರ ಕಳೆದರೂ ಅಣ್ಣನ ಸುಳಿವಿಲ್ಲ. ಅವ್ವ ಬಾಗಿಲ ಕಡೆ ನೋಡುವುದನ್ನೇ ಬಿಟ್ಟಳು. ನಾನು ಕಂಪನಿಯವನಿಗೆ ಫೋನ್ ಹಚ್ಚಿದೆ.

"ಅಯ್ಯೋ, ಅದು ಶೂಟಿಂಗ್ ಪೀಸು ಸರ್. ಬ್ಯಾಟರಿ ಇತ್ತು, ಕನೆಕ್ಷನ್ ಇರಲಿಲ್ಲ. ಸರ್ಕಾರದ ಪರ್ಮಿಶನ್ ಇಲ್ಲದೆ ಅದನ್ನ ಬಳಸೋ ಹಾಗಿಲ್ಲ. ನಿಮ್ಮಣ್ಣನ ತನಕ ಹೋಗ್ಲಿಲ್ಲ, ಇಲ್ಲೇ ಬಿ.ಜಿ. ಕೆರೆ ಹತ್ರ ಸಿಕ್ಕ ಹಿಂಡಿನಲ್ಲೇ ಉಳಿದದ್ದು ಮುಗಿಸಿದ್ವಿ. ನೀವು ಮಾತಾಡಿಸಿ ಅಂದದ್ದೂ ಚಿತ್ರಕ್ಕೇ, ನಿಮ್ಮ ತಾಯಿಯವರು ಆಕ್ಟಿಂಗ್ ಮಾಡ್ತಿದ್ದಾರೆ ಅಂದ್ಕೊಂಡೆ. ಎಷ್ಟು ನ್ಯಾಚುರಲ್ ಆಗಿ ಮಾಡಿದ್ರು!"

ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವ್ವನ ಪಕ್ಕ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನಂಬಲಿಲ್ಲ. "ಅಣ್ಣನ್ನ ಬಚಾವ್ ಮಾಡಕೆ ಹೇಳ್ತೀಯ. ಅವನ ಉಸಿರು ನನಗೆ ಗೊತ್ತಾಗಲ್ವಾ? ಕೇಳಿಸ್ಕೊಂಡೂ ಬರ್ಲಿಲ್ಲ" ಎಂದು ಗೋಡೆ ಕಡೆ ತಿರುಗಿದಳು. ನಾನು ಕಳಿಸಿದ ಆಳು ಅಣ್ಣನನ್ನು ಹುಡುಕಿ ಕರೆತರುವ ಹೊತ್ತಿಗೆ ಎಲ್ಲ ಮುಗಿದು ಮನೆ ತೊಳೆದಾಗಿತ್ತು.

ತಿಥಿ ಕಳೆದ ಮೇಲೆ ಕಂಪನಿಯವನು ಧನ್ಯವಾದ ಹೇಳಿ ಆ ಚಿತ್ರವನ್ನು ವಾಟ್ಸಾಪಿಗೆ ಕಳಿಸಿದ. ಅಣ್ಣ ನನ್ನ ಮೊಬೈಲ್ ಕಸಿದುಕೊಂಡು ನೋಡಿದ. ಅಂಗಳದಲ್ಲಿ ಅವ್ವ, "ಬಾ" ಅನ್ನುತ್ತಿದ್ದಾಳೆ. ಆಮೇಲೆ ಗುಡ್ಡದ ಮೇಲೆ ಹೊಸ ಕಂಬಳಿ ಹೊದ್ದ ಯಾವನೋ ಅದೇ ಥರದ ಸೆಟ್ ಹಿಡಿದು, "ಈಗಲೇ ಹೊರಟೆ ಕಣವ್ವ, ನೀನೇನೂ ಹೆದರಬೇಡ" ಅನ್ನುತ್ತಾನೆ. ಹಿಂದೆ ಕೊಳಲು.

"ಇವನ್ಯಾರಲೇ?" ಎಂದ ಅಣ್ಣ.

"ನೀನಂತೆ" ಎಂದೆ.

ಪರದೆಯಿಂದ ಕಣ್ಣು ತೆಗೆಯದೆ ಕೇಳಿದ: "ಇವನಂದಿದ್ದು ಅವ್ವಗೆ ಕೇಳಿಸ್ತಾ?"

"ಇಲ್ಲಣ್ಣ. ಆಮೇಲೆ ಸೇರಿಸಿದ್ದು."

ಅವನು ಚಿತ್ರವನ್ನು ಮತ್ತೆ ಹಚ್ಚಿದ. ಅವ್ವ "ಬಾ" ಅಂದ ಕಡೆ ನಿಲ್ಲಿಸಿ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, "ಬಂದೀನವ್ವ" ಎಂದ.