ದೋನ್ ಸೆರಾಪಿಯೊ ಒಲೆ ರಿಪೇರಿ ಮಾಡಿದ್ದು

ದೋನ್ ಸೆರಾಪಿಯೊ ಕಲಿಸಾಯ ಎತ್ತರದ ಬೆಟ್ಟನಾಡಿನ ಒರೂರೊದ ರೈಲು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಸಾಮಾನುಗಳಿಗೆ ಚೀಟಿ ಅಂಟಿಸಿದವನು. ಅಷ್ಟೂ ವರ್ಷದಲ್ಲಿ ಎಂಜಿನ್ನಿನೊಳಗೆ ಒಮ್ಮೆಯೂ ಇಣುಕಿದವನಲ್ಲ. ಆದರೆ ನಿವೃತ್ತನಾದ ಮಾರನೆಯ ದಿನದಿಂದಲೇ "ನಾವು ರೈಲ್ವೆಯ ತಾಂತ್ರಿಕರು" ಎಂದು ಮಾತು ಶುರುಮಾಡುವ ಚಟ ಹತ್ತಿಸಿಕೊಂಡ. ಪಕ್ಕದ ಮನೆಯ ನಲ್ಲಿ ಸೋರಿದರೆ, ಎದುರು ಮನೆಯ ರೇಡಿಯೊ ಕೆಮ್ಮಿದರೆ ಕರೆಯದೆ ಹೋಗಿ ನಿಲ್ಲುತ್ತಿದ್ದ. ಅವನು ಕೈಯಿಟ್ಟ ಮೇಲೆ ಸೋರುತ್ತಿದ್ದ ನಲ್ಲಿ ಸುರಿಯುತ್ತಿತ್ತು, ಕೆಮ್ಮುತ್ತಿದ್ದ ರೇಡಿಯೊ ಸಾಯುತ್ತಿತ್ತು.

ಮನೆ ನಡೆಯುತ್ತಿದ್ದದ್ದು ಹೆಂಡತಿ ನಿಕೊಲಾಸಾಳ ಸಾಲ್ತೇನ್ಯಾದಿಂದ. ಕರ್ಜಿಕಾಯಿಯಂತೆ ಅಂಚು ಹೆಣೆದು, ಒಳಗೆ ಮಾಂಸ, ಆಲೂಗಡ್ಡೆ, ಖಾರದ ರಸ ತುಂಬಿ ಅವಳು ಬೇಯಿಸಿದ ಕಡುಬು ಬೆಳಗ್ಗೆ ಹತ್ತೂವರೆಗೆಲ್ಲ ಖಾಲಿ. ಅವಳ ಹಳೆಯ ಒಲೆಯ ತಳ ತೂತುಬಿದ್ದಾಗ ಸೆರಾಪಿಯೊ ಎದೆ ತಟ್ಟಿಕೊಂಡು ಹೊರಟ. ಕೆಳನಾಡಿನ ಸಾಂತಾ ಕ್ರೂಸ್‌ನಲ್ಲಿ ಯಾರೋ ಬೇಕರಿ ಮುಚ್ಚುತ್ತಿದ್ದರಂತೆ. ಅಲ್ಲಿಂದ ಬೀರುವಿನಷ್ಟು ದೊಡ್ಡ ಗ್ಯಾಸ್ ಒಲೆಯೊಂದನ್ನು ಲಾರಿಗೆ ಹೇರಿಸಿಕೊಂಡು, ಆನೆ ಹಿಡಿದು ತಂದವನಂತೆ ಬೀದಿಯಲ್ಲಿ ಇಳಿಸಿದ.

ಒಲೆ ಹೊತ್ತಿತು. ಬೆಂಕಿ ಮಾತ್ರ ಹಳದಿಯಾಗಿ, ಉದ್ದುದ್ದ ನಾಲಿಗೆ ಚಾಚಿ, ಸೋಮಾರಿಯಂತೆ ತೂಗಾಡುತ್ತಿತ್ತು.

"ಇದ್ಯಾಕೆ ಹಿಂಗೆ ಹಳದಿ?" ಎಂದಳು ನಿಕೊಲಾಸಾ.

"ಬಂಗಾರದ ಬಣ್ಣ ಕಣೇ. ಒಳ್ಳೇ ಗ್ಯಾಸ್‌ನ ಲಕ್ಷಣ."

ಮೂರನೆಯ ದಿನಕ್ಕೆ ಒಲೆಯ ಒಳಗೋಡೆಯೆಲ್ಲ ಮಸಿ. ಕಡುಬಿನ ಮೇಲೂ ಬೂದುಬಣ್ಣದ ಪುಡಿ. ಆಗ ಸೆರಾಪಿಯೊ ಕನ್ನಡಕ ಏರಿಸಿ ತನಿಖೆಗೆ ಇಳಿದ. ಮೊದಲು ಸಿಲಿಂಡರಿನವನ ಮೇಲೆ ಹರಿಹಾಯ್ದು ಸಿಲಿಂಡರ್ ಬದಲಿಸಿದ. ಆಮೇಲೆ ರಬ್ಬರ್ ಪೈಪು ಬದಲಿಸಿದ. ಆಮೇಲೆ ತಪ್ಪು ಹಿಟ್ಟಿನದಾಯಿತು.

"ನೀನು ಹಂದಿಕೊಬ್ಬು ಜಾಸ್ತಿ ಹಾಕ್ತೀಯ. ಅದೇ ಕರಕಲಾಗೋದು."

"ಇಪ್ಪತ್ತು ವರ್ಷದಿಂದ ಅಷ್ಟೇ ಹಾಕ್ತಿದೀನಿ. ಆಗ ಕರಕಲಾಗಿಲ್ಲ. ನೀನು ತಂದ ಆನೆ ಬಂದ್ಮೇಲೆ ಆಗ್ತಿದೆ."

ಕೊನೆಗೆ ಬೀಸುಗಾಳಿಯೇ ಅಪರಾಧಿ ಎಂದು ತೀರ್ಮಾನಿಸಿ ಅಡುಗೆಮನೆಯ ಕಿಟಕಿಗೆ ಹಲಗೆ ಇಟ್ಟು ಮೊಳೆ ಹೊಡೆದ. ಅಂದಿನಿಂದ ನಿಕೊಲಾಸಾಳಿಗೆ ತಲೆನೋವು, ವಾಕರಿಕೆ. ಈರುಳ್ಳಿ ಹೆಚ್ಚಿದ್ದರಿಂದ ಎಂದ ಗಂಡ. ಅವನಿಗೂ ತಲೆ ಸಿಡಿಯುತ್ತಿತ್ತು. ಅದು ಆಳವಾಗಿ ಯೋಚಿಸಿದ್ದರ ಫಲ ಎಂದು ಅವನು ನಂಬಿದ್ದ.

"ಸಂತೆಬೀದಿಯ ಬೆನೆದಿಕ್ತಾಳನ್ನ ಕರೆಸೋಣ. ಊರಿನ ಒಲೆಯೆಲ್ಲ ಅವಳೇ ರಿಪೇರಿ ಮಾಡೋದು," ಎಂದಳು ನಿಕೊಲಾಸಾ.

"ರೈಲ್ವೆಯವನ ಮನೆಗೆ ಸಂತೆಯ ಹೆಂಗಸು ಬಂದು ಒಲೆ ನೋಡ್ಬೇಕಾ? ನಾಲ್ಕು ಜನ ಏನಂದಾರು?"

ನಾಲ್ಕು ಜನ ಅನ್ನುವ ದಿನ ದೂರವಿರಲಿಲ್ಲ. ಬೀದಿಯ ಬ್ಯಾಂಡಿನವರು ಹೊಸ ಸಮವಸ್ತ್ರಕ್ಕೆ ಪಾದ್ರಿಯ ಆಶೀರ್ವಾದ ಪಡೆಯುವವರಿದ್ದರು. ಹಾಲಿನಂಥ ಬಿಳಿ ಕೋಟು, ಬಿಳಿ ಕೈಗವಸು. ಅದಕ್ಕೆ ನೂರೈವತ್ತು ಸಾಲ್ತೇನ್ಯಾ ಬೇಕೆಂದರು. ಅದರ ಹಿಂದಿನ ದಿನ ಮಧ್ಯಾಹ್ನ, ನಿಕೊಲಾಸಾ ಮಾಂಸ ತರಲು ಹೋದ ಹೊತ್ತು ನೋಡಿ ಸೆರಾಪಿಯೊ ಒಲೆ ಬಿಚ್ಚಿದ. ಗ್ಯಾಸ್ ಹೊರಬರುವ ಹಿತ್ತಾಳೆಯ ಜೆಟ್ಟಿನ ತೂತು ಕಣ್ಣಿಗೂ ಕಾಣದಷ್ಟು ಸಣ್ಣದು. ಇಷ್ಟು ದೊಡ್ಡ ಒಲೆಗೆ ಇಷ್ಟು ಸಣ್ಣ ಬಾಯಿಯೇ ಎಂದು ಅವನಿಗೆ ಕನಿಕರವಾಯಿತು. ಗೋಣಿ ಹೊಲಿಯುವ ದಬ್ಬಳ ತಂದು, ತುದಿ ತೂರಿಸಿ, ತಿರುವಿ ತಿರುವಿ ಎರಡೂ ಜೆಟ್ಟು ಅಗಲ ಮಾಡಿದ. ಹಚ್ಚಿದಾಗ ಬೆಂಕಿ ಮೊಣಕಾಲೆತ್ತರ ಎದ್ದಿತು. ಮೀಸೆಯ ಎಡಭಾಗ ಸ್ವಲ್ಪ ಸುಟ್ಟರೂ ತಾಂತ್ರಿಕನಿಗೆ ಪರಮಾನಂದ.

ಮರುದಿನ ಬೆಳಗ್ಗೆ ಒಲೆಯ ಬಾಗಿಲು ತೆರೆದರೆ ಮಸಿಯ ಎಳೆಗಳು ಕಾಗೆಪುಕ್ಕದಂತೆ ಹಾರಿ ಬಂದವು. ನಿಕೊಲಾಸಾ ಬಟ್ಟೆಯಿಂದ ಒರೆಸಿದಳು. ಚುಕ್ಕಿ ಇದ್ದದ್ದು ಗೆರೆಯಾಯಿತು.

"ಕಟ್ಟಿಗೆ ಒಲೆಯ ಹೊಗೆರುಚಿ ಅಂತ ಹೇಳಿದ್ರಾಯ್ತು. ಈಗ ಅದಕ್ಕೇ ಜನ ಸಾಯ್ತಾರೆ," ಎಂದು ಸೆರಾಪಿಯೊ ತಾನೇ ಬುಟ್ಟಿ ಹೊತ್ತು ಚರ್ಚಿನ ಅಂಗಳಕ್ಕೆ ನಡೆದ.

ಹಸಿದ ಬ್ಯಾಂಡಿನವರು ನೋಡದೆಯೇ ಬಾಯಿಗಿಟ್ಟರು. ಎರಡು ನಿಮಿಷದಲ್ಲಿ ನಲವತ್ತು ಜನಕ್ಕೆ ಮಸಿಯ ಮೀಸೆ ಬಂತು. ಬಿಳಿ ಕೈಗವಸಿನ ಬೆರಳೆಲ್ಲ ಕಪ್ಪು, ಕೋಟಿನ ಎದೆಯ ಮೇಲೆ ಪಟ್ಟೆ. ಕಹಳೆಯವನು ತುಟಿ ಒರೆಸಿಕೊಂಡು ಊದಿದರೆ ಅದರ ಮೂತಿಗೂ ಮಸಿ. ಪಾದ್ರಿ ಪವಿತ್ರಜಲ ಚಿಮುಕಿಸಿದಾಗ ಮಸಿ ಕರಗಿ ಇಳಿಯಿತು. ಬ್ಯಾಂಡಿನ ಯಜಮಾನ ಅಂಗಳದ ಆ ತುದಿಯಿಂದ ಕೂಗಿದ:

"ದೋನ್ ಸೆರಾಪಿಯೊ! ನಾವು ತಿನ್ನೋಕೆ ಕೇಳಿದ್ವಿ ಸ್ವಾಮಿ, ಬೂಟ್ ಪಾಲಿಶ್ ಹಚ್ಕೊಳ್ಳೋಕಲ್ಲ!"

ಅಂಗಳವೆಲ್ಲ ನಕ್ಕಿತು. ಸೆರಾಪಿಯೊ ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಮಗುಚಿಕೊಂಡು, ಬಿಸಿಲಿಗೆ ಹಿಡಿದಂತೆ ನಟಿಸುತ್ತ ಮನೆ ಸೇರಿದ.

ನಿಕೊಲಾಸಾ ಯಾರನ್ನೂ ಕೇಳಲಿಲ್ಲ. ಶಾಲು ಹೊದ್ದು ಹೋದವಳು ಬೆನೆದಿಕ್ತಾಳನ್ನು ಜೊತೆಯಲ್ಲೇ ಕರೆತಂದಳು. ಬೆನೆದಿಕ್ತಾ ಹ್ಯಾಟನ್ನು ಬಾಗಿಲ ಮೊಳೆಗೆ ತಗುಲಿಸಿದಳು. ಒಲೆಯ ಹತ್ತಿರ ಹೋಗುವ ಮೊದಲು ಇಕ್ಕಳ ತೆಗೆದು ಕಿಟಕಿಯ ಹಲಗೆ ಕಿತ್ತಳು.

"ಇದನ್ನ ಮುಚ್ಚಿದ ಪುಣ್ಯಾತ್ಮ ಯಾರು? ಮಸಿ ಉಗುಳೋ ಒಲೆ ವಿಷಗಾಳೀನೂ ಉಗುಳುತ್ತೆ. ಇನ್ನೊಂದು ವಾರ ಹಿಂಗೇ ಇದ್ದಿದ್ರೆ ಬ್ಯಾಂಡಿನವರು ನಿಮ್ಮಿಬ್ಬರ ಹಿಂದೆ ಊದ್ಕೊಂಡು ಸ್ಮಶಾನಕ್ಕೆ ಬರ್ತಿದ್ರು."

ನಿಕೊಲಾಸಾಳ ಮುಖ ಬಿಳುಚಿಕೊಂಡಿತು. ಬೆನೆದಿಕ್ತಾ ಒಲೆ ಹಚ್ಚಿ, ಬೆಂಕಿಯನ್ನು ಒಮ್ಮೆ ನೋಡಿ ಆರಿಸಿದಳು.

"ಒಲೆ ಯಾವೂರಿಂದ?"

"ಸಾಂತಾ ಕ್ರೂಸ್."

"ಅಲ್ಲಿ ಗಾಳಿ ದಪ್ಪ, ಈ ಎತ್ತರದಲ್ಲಿ ತೆಳು. ಇಲ್ಲಿ ನಾವೇ ನಾಲ್ಕು ಮೆಟ್ಲು ಹತ್ತಿದ್ರೆ ಏದುಸಿರು ಬಿಡ್ತೀವಿ. ಅಲ್ಲಿಯಷ್ಟೇ ಗ್ಯಾಸ್ ಸುರಿದ್ರೆ ಸುಡೋಕೆ ಗಾಳಿ ಎಲ್ಲಿಂದ ತರ್ಬೇಕು ಇದು? ಅರ್ಧ ಉರಿಯುತ್ತೆ, ಇನ್ನರ್ಧ ಮಸಿ. ಸಣ್ಣ ತೂತಿನ ಜೆಟ್ ಹಾಕ್ಬೇಕು, ಅಷ್ಟೇ." ಜೆಟ್ಟು ಬಿಚ್ಚಿ ಬೆಳಕಿಗೆ ಹಿಡಿದವಳು ಹುಬ್ಬೇರಿಸಿದಳು. "ಅಯ್ಯೋ, ಇದನ್ನ ಯಾವ ಹೆಗ್ಗಣ ಕಡೀತು?"

ನಿಕೊಲಾಸಾ ಗಂಡನ ಅರ್ಧ ಮೀಸೆಯನ್ನು ನೋಡಿದಳು. ಗಂಡ ಜಂತೆ ಎಣಿಸುತ್ತಿದ್ದ.

ಬೆನೆದಿಕ್ತಾ ಹೊಸ ಜೆಟ್ಟು ಹಾಕಿ, ಬರ್ನರಿನ ಕೊಳವೆಗೆ ಬ್ರಷ್ಷು ತೂರಿಸಿ ಎರಡು ಬೊಗಸೆ ಮಸಿ ಕೆಡವಿದಳು. ಗಾಳಿ ಹೋಗುವ ಕಿಂಡಿಯನ್ನು ಪೂರ್ತಿ ತೆರೆದಳು. ಜೋಡಿಸಿದ ಕಡೆಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಬರುವುದಿಲ್ಲವೆಂದು ಖಾತ್ರಿಮಾಡಿಕೊಂಡು ಕಡ್ಡಿ ಗೀರಿದಳು. ಗಿಡ್ಡದಾದ, ನೀಲಿಯಾದ, ಅಲುಗಾಡದ ಬೆಂಕಿ ಸಾಲಾಗಿ ಕೂತಿತು. ಸೆರಾಪಿಯೊನಿಗೆ ಅಂಗಳದ ನಗುವಿಗಿಂತ ಆ ನೀಲಿ ಹೆಚ್ಚು ಉರಿಯಿತು.

ಭಾನುವಾರ ನಿಕೊಲಾಸಾ ಬ್ಯಾಂಡಿನವರಿಗೆ ಹೊಂಬಣ್ಣದ ಕಡುಬು ಪುಕ್ಕಟೆ ಹಂಚಿ ಬಂದಳು. ಅವಳ ತಲೆನೋವು ನಿಂತಿತ್ತು. ಸೆರಾಪಿಯೊ ಒಂದು ವಾರ ಬೀದಿಗೆ ಇಳಿಯಲಿಲ್ಲ. ಇಳಿದಾಗ ಅವನ ಬಾಯಲ್ಲಿ ಹೊಸ ಮಂತ್ರವಿತ್ತು: "ಎತ್ತರದ ದೋಷ. ನಾನು ಮೊದಲೇ ಹೇಳಿದ್ದೆ." ಎದುರು ಮನೆಯ ಗಡಿಯಾರ ಹಿಂದೆ ಬಿದ್ದರೂ ಎತ್ತರದ ದೋಷ, ಕೋಳಿ ಮೊಟ್ಟೆಯಿಡದಿದ್ದರೂ ಎತ್ತರದ ದೋಷ.

ಇದೇ ಧೈರ್ಯದಲ್ಲಿ ಒಂದು ದಿನ ಬೆನೆದಿಕ್ತಾಳ ತಗಡಿನ ಅಂಗಡಿಗೂ ಹೋದ.

"ನಿಮಗೆ ಒಬ್ಬ ಅನುಭವಿ ಸಲಹೆಗಾರ ಬೇಕಾಗಬಹುದು, ದೋನ್ಯಾ ಬೆನೆದಿಕ್ತಾ."

ಅವಳು ತಲೆಯೆತ್ತದೆ ತಂತಿಬ್ರಷ್ಷು ಚಾಚಿದಳು. "ಸಲಹೆ ಬೇಡ. ಮಸಿ ತಿಕ್ಕೋಕೆ ಒಬ್ರು ಬೇಕಾಗಿದ್ರು."

ಸಿಟ್ಟಾಗುತ್ತಾನೆಂದು ಎಲ್ಲರೂ ಎಣಿಸಿದ್ದರು. ಆಗಲಿಲ್ಲ. ಮರುದಿನ ರೈಲ್ವೆಯ ಟೈ ಕಟ್ಟಿಕೊಂಡೇ ಹೋಗಿ ಕೂತು ತಿಕ್ಕಿದ. ಈಗಲೂ ತಿಕ್ಕುತ್ತಾನೆ, ಚೆನ್ನಾಗಿಯೇ ತಿಕ್ಕುತ್ತಾನೆ. ಬಂದ ಗಿರಾಕಿಗಳಿಗೆ, ಅಂಗಡಿಯ ತಾಂತ್ರಿಕ ವಿಭಾಗ ತನ್ನದು ಎಂದು ಹೇಳುತ್ತಾನೆ. ಬೆನೆದಿಕ್ತಾ ಇಲ್ಲವೆನ್ನುವುದಿಲ್ಲ. ಆದರೆ ಹೊಸ ಜೆಟ್ಟುಗಳಿರುವ ಡಬ್ಬಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾಳೆ.