ರಾಮಾಂಜಿನೇಯನ ಲೈಸೆನ್ಸ್ ಪರೀಕ್ಷೆ

ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರಕ್ಕೆ ಬಾಡಿಗೆ ಜೀಪು ಓಡಿಸುವ ರಾಮಾಂಜಿನೇಯ ಈಗ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದಾನೆಂಬುದು ದಾರಿಯ ಎಮ್ಮೆಗಳಿಗೂ ಗೊತ್ತು. ರಸ್ತೆಯ ಗುರುತುಗಳ ಪಟವನ್ನು ಮುಂದಿನ ಗಾಜಿಗೇ ಅಂಟಿಸಿರುವುದರಿಂದ ಗುರುತುಗಳೆಲ್ಲ ಚೆನ್ನಾಗಿ ಕಾಣುತ್ತವೆ, ರಸ್ತೆಯೊಂದೇ ಕಾಣುವುದಿಲ್ಲ. ಪಾಠ ಒಪ್ಪಿಸಿಕೊಳ್ಳುವವರು ಪ್ರಯಾಣಿಕರು. "ಜೀಪಿಗೆ ಎಷ್ಟು ಜನಾನ್ಲಾ ಹತ್ತಿಸ್ಬೇಕು?" ಎಂದು ಯಾರಾದರೂ ಕೇಳಿದರೆ, ಅರ್ಧ ಸೀಟಿನಲ್ಲಿ ನೇತಾಡುತ್ತ "ಒಂಬತ್ತೇ ಜನ ಕಣಪ್ಪಾ!" ಎಂದು ಗುಡುಗುತ್ತಾನೆ; ಒಳಗಿನ ಇಪ್ಪತ್ತು ಜನ ಭೇಷ್ ಎನ್ನುತ್ತಾರೆ, ಟಾಪಿನ ಮೇಲಿನವರು ತಗಡು ಬಡಿಯುತ್ತಾರೆ. ಪರೀಕ್ಷೆಯಲ್ಲಿ ಸಾಹೇಬರು ಅದನ್ನೇ ಕೇಳಿದರೆ ಮಾತ್ರ "ದಾರೀಲಿ ಎಷ್ಟು ಜನ ನಿಂತಿದ್ರೆ ಅಷ್ಟು ಸಾರ್" ಎಂದು ಹೇಳಿ ಪ್ರತಿ ಸಲವೂ ಫೇಲಾಗಿ ಬರುತ್ತಾನೆ. "ಒಂಬತ್ತು ಅಂದ್ಬುಟ್ಟು ಬರಾಕೆ ನಿಂಗೇನು ರೋಗ?" ಎಂದು ಹೆಂಡತಿ ಉಮಾದೇವಿ ಬೈದರೆ ತಲೆ ಕೆರೆದುಕೊಳ್ಳುತ್ತಾನೆ: "ರಾತ್ರಿಗೆ ನಂದೇ ಕೊನೇ ಜೀಪು ಕಣಮ್ಮಿ. ಹತ್ತನೆಯೋಳು ಮಗಾ ಎತ್ಕೊಂಡು ನಿಂತಿರ್ತಾಳೆ. ಸಾಹೇಬ್ರ ಮುಂದೆ ಬಾಯ್ ಬುಟ್ರೆ ಅವಳೇ ಕಣ್ಮುಂದೆ ಬತ್ತಾಳೆ."