ಹುಲಿಗೆವ್ವ ನೂಕಿದ ಹೈಬ್ರಿಡ್ ಕಾರು

ಟೆಸ್ಟ್ ಡ್ರೈವ್‌ಗೆ ಬಂದ ಹೊಚ್ಚ ಹೊಸ ಕಾರನ್ನು ಇಬ್ಬರು ಕೆಳಗಿಳಿದು ನೂಕಿದ್ದು ಎಲ್ಲಾದರೂ ಕೇಳಿದ್ದೀರಾ? ನಮ್ಮಲ್ಲಿ ಆಯಿತು. ಅದೂ ಕಾರು ಯಾವ ತೊಂದರೆಯೂ ಇಲ್ಲದೆ ಚೆನ್ನಾಗಿದ್ದಾಗ!

ಮೊದಲಿನಿಂದ ಹೇಳಿಬಿಡುತ್ತೇನೆ. ನನ್ನ ಮನೆ ಕೊಟ್ಟೂರಿನಲ್ಲಿ. ನಾನು ವಿಜ್ಞಾನ ಪಾಠ ಮಾಡುವ ಹೈಸ್ಕೂಲು ತಂಬ್ರಹಳ್ಳಿಯಲ್ಲಿ. ಹಗರಿಬೊಮ್ಮನಹಳ್ಳಿ ಹಾದು ಹೋಗಿ ಬಂದರೆ ದಿನಕ್ಕೆ ಎಂಬತ್ತು ಕಿಲೋಮೀಟರಿನ ಹತ್ತಿರ ಆಗುತ್ತದೆ. ಒಂಬತ್ತು ವರ್ಷದಿಂದ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಪಾಪ ನನ್ನನ್ನು ಹೊತ್ತು ತಿರುಗಿದೆ.

ಅದಕ್ಕೆ ಒಂದೇ ಒಂದು ಕೆಟ್ಟ ಚಾಳಿ. ದಾರಿಯ ರೈಲ್ವೆ ಗೇಟಿನಲ್ಲಿ ಎಂಜಿನ್ ಆಫ್ ಮಾಡಿದೆನೋ, ಮತ್ತೆ ಸೆಲ್ಫ್ ತಗೊಳ್ಳುವುದಿಲ್ಲ. ಎರಡು ಸಲ ಬ್ಯಾಟರಿ ಬದಲಾಯಿಸಿ ನೋಡಿದೆ. ಕೊನೆಗೆ ಮೆಕ್ಯಾನಿಕ್ಕೇ, “ನೂಕಿದ್ರ ಹೊಕ್ಕತಲ್ರಿ ಮೇಡಂ, ಮತ್ತೇನು?” ಎಂದು ಕೈ ತೊಳೆದುಕೊಂಡ.

ನೂಕುವುದಕ್ಕೆ ಜನರಿದ್ದರು ಅನ್ನಿ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಕೊಟ್ಟೂರಿನಿಂದಲೇ ಹತ್ತುತ್ತಾರೆ. ಗೇಟಿಗಿಂತ ಸ್ವಲ್ಪ ಮುಂಚೆ ಒಂದು ಕ್ರಾಸ್. ಅಲ್ಲಿ ಹುಲಿಗೆವ್ವ ಸೊಪ್ಪಿನ ದೊಡ್ಡ ಗಂಟು ಇಟ್ಟುಕೊಂಡು ಕಾಯುತ್ತಿರುತ್ತಾಳೆ. ಹಗರಿಬೊಮ್ಮನಹಳ್ಳಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವುದು ಅವಳ ಕೆಲಸ. ಬಸ್ಸಿನಲ್ಲಿ ಹೋದರೆ ಗಂಟಿನ ಸಲುವಾಗಿ ಕಂಡಕ್ಟರ್ ಜೊತೆ ದಿನಾ ಜಗಳ. ತಡವಾಗಿ ಹೋದರೆ ಕೂರುವ ಜಾಗವನ್ನು ಬೇರೆಯವರು ಹಿಡಿದಿರುತ್ತಾರೆ. ಹಾಗಾಗಿ ನನ್ನ ಕಾರೇ ಅವಳ ಬಸ್ಸು.

ಮೊದಮೊದಲು ಅವಳು ದುಡ್ಡು ಕೊಡಲು ಬಂದಳು, ನಾನು ತೆಗೆದುಕೊಳ್ಳಲಿಲ್ಲ. ಒಂದು ಕಟ್ಟು ಮೆಂತ್ಯ ಸೀಟಿನ ಮೇಲೆ ಬಿಟ್ಟು ಹೋದಳು, ಮಾರುವ ಸರಕು ಬೇಡವೆಂದು ವಾಪಸ್ ಕೊಟ್ಟೆ. ಅಷ್ಟರಲ್ಲೇ ಗೇಟಿನಲ್ಲಿ ಕಾರು ನಿಲ್ಲತೊಡಗಿತು. ಮೇಷ್ಟ್ರಿಗಿಂತ ಮುಂಚೆ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಿಕ್ಕಿಗೆ ಭುಜ ಕೊಡುವವಳು ಅವಳೇ. ನಾನು ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡುವುದು, ಕಾರು ಕೆಮ್ಮಿ ಹೊರಡುವುದು, ಅವರಿಬ್ಬರು ಓಡಿ ಬಂದು ಹತ್ತುವುದು. ಇದು ನಮಗೆಲ್ಲ ಅಭ್ಯಾಸವಾಗಿ ಹೋಗಿತ್ತು.

ಈ ವರ್ಷ ಇನ್ನು ಸಾಕು, ಹೊಸ ಕಾರು ತಗೊಳ್ಳೋಣ, ಅದೂ ಹೈಬ್ರಿಡ್ ತಗೊಳ್ಳೋಣ ಎಂದು ಮನೆಯಲ್ಲಿ ಬಾಯಿ ಬಿಟ್ಟೆ. ಬಿಡಬಾರದಿತ್ತು. ನನ್ನ ಮೈದುನ ಮಂಜು ಮೂರು ದಿನ ಯೂಟ್ಯೂಬ್ ಬಿಟ್ಟು ಮೇಲೇಳಲಿಲ್ಲ.

“ಅತ್ತಿಗಿ, ಹೈಬ್ರಿಡ್ ಅಂದ್ರ ಒಂದ ನಮೂನಿ ಇಲ್ರಿ. ಮೈಲ್ಡ್ ಐತಿ, ಸ್ಟ್ರಾಂಗ್ ಐತಿ, ಪ್ಲಗ್-ಇನ್ ಐತಿ, ಸೀರೀಸ್ ಅಂತ ಮತ್ತೊಂದೈತಿ. ನಿಮಗ ಯಾವುದು ಬೇಕು?”

ಅವನು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದಿಷ್ಟು. ಮೈಲ್ಡ್‌ನಲ್ಲಿ ಎಂಜಿನ್ನೇ ಯಜಮಾನ. ಸಣ್ಣ ಮೋಟರೊಂದು ಆಗಾಗ ಕೈ ಹಾಕುತ್ತದೆ ಅಷ್ಟೇ, ತಾನೊಂದೇ ಕಾರು ಎಳೆಯಲಾರದು. ಸ್ಟ್ರಾಂಗ್‌ನಲ್ಲಿ ಮೋಟರಿನ ರಟ್ಟೆಯಲ್ಲೂ ಬಲವಿದೆ. ನಿಧಾನಕ್ಕೆ ಹೋಗುವಾಗ ಅದೇ ಎಳೆಯುತ್ತದೆ, ಎಂಜಿನ್ ಸುಮ್ಮನಿರುತ್ತದೆ. ಜೋರು ಬೇಕೆಂದಾಗ ಇಬ್ಬರೂ ಸೇರುತ್ತಾರೆ. ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯಲ್ಲಿ ಒಂದಿಷ್ಟು ವಾಪಸ್ ಬ್ಯಾಟರಿಗೆ ಜಮೆ. ಪ್ಲಗ್-ಇನ್‌ಗೆ ಇನ್ನೂ ದೊಡ್ಡ ಬ್ಯಾಟರಿ, ಮೊಬೈಲಿನಂತೆ ಮನೆಯಲ್ಲೇ ಚಾರ್ಜಿಗೆ ಹಾಕಬೇಕು. ಸೀರೀಸ್‌ನಲ್ಲಿ ಎಂಜಿನ್ ಚಕ್ರದ ತಂಟೆಗೇ ಹೋಗುವುದಿಲ್ಲ. ಒಳಗೆ ಕೂತು ಕರೆಂಟ್ ತಯಾರಿಸುತ್ತದೆ, ಓಡುವುದೆಲ್ಲ ಮೋಟರಿನ ಪಾಲು. (ಅಡುಗೆ ಮಾಡುವವರು ಒಬ್ಬರು, ಬಡಿಸುವವರು ಇನ್ನೊಬ್ಬರು. ನಮ್ಮ ಮದುವೆ ಮನೆಗಳಲ್ಲಿ ಇದು ಯಾವತ್ತಿನಿಂದಲೂ ಇದೆ.)

ಮಂಜುಗೆ ಪ್ಲಗ್-ಇನ್ ಮೇಲೆ ಜೀವ. ಆದರೆ ನಮ್ಮ ಓಣಿಯಲ್ಲಿ ಸೈಕಲ್ ತಿರುಗಿಸುವುದೇ ಕಷ್ಟ. ಕಾರು ನಿಲ್ಲುವುದು ಎಂಟು ಮನೆ ಆಚೆ, ಬೇವಿನ ಮರದ ಕೆಳಗೆ. ಅಲ್ಲಿಯವರೆಗೆ ವೈರ್ ಎಳೆದರೆ ಸಂಜೆಯೊಳಗೆ ಅದರ ಮೇಲೆ ಯಾರದೋ ಸೀರೆ ಒಣಗುತ್ತಿರುತ್ತದೆ. ಪ್ಲಗ್-ಇನ್ ಕ್ಯಾನ್ಸಲ್. ಸೀರೀಸ್ ನಮ್ಮ ಬಜೆಟ್ಟಿಗೆ ಸಿಗುವ ಹಾಗೆ ಎಲ್ಲೂ ಕಾಣಲಿಲ್ಲ.

ನಮ್ಮವರು ಮಾತು ಮುಗಿಸಲು ನೋಡಿದರು. “ಮೈಲ್ಡ್ ಸಾಕು ಬಿಡು. ಸ್ಟ್ರಾಂಗ್ ಏನಿದ್ರೂ ಸಿಗ್ನಲ್ ಇರೋ ಊರಿಗೆ. ಇಲ್ಲಿಂದ ತಂಬ್ರಹಳ್ಳಿಗೆ ಎಲ್ಲೈತಿ ಸಿಗ್ನಲ್ಲು? ಒಂದ ಸಮ ಹೋಗೋ ರೋಡು ಅದು. ನಿಂತು ಹೊಂಟ್ರಲ್ಲ ಲಾಭ ಗೊತ್ತಾಗೋದು?”

ಒಂದ ಸಮ ಹೋಗುವ ರೋಡು! ಒಂಬತ್ತು ವರ್ಷದಲ್ಲಿ ಈ ಮನುಷ್ಯ ಒಂದು ದಿನವಾದರೂ ನನ್ನ ಜೊತೆ ಶಾಲೆಗೆ ಬಂದಿದ್ದರೆ ಈ ಮಾತು ಬರುತ್ತಿತ್ತೆ? ಮರುದಿನ ಎಣಿಸಿದೆ. ಮೇಷ್ಟ್ರು, ಹುಲಿಗೆವ್ವ, ಮಗುವನ್ನು ಎತ್ತಿಕೊಂಡು ಕೈ ಮಾಡಿದ ತಾಯಿ, ಅಡ್ಡ ಬಂದ ಕುರಿ ಹಿಂಡು, ಹಂಪುಗಳು, ಗೇಟು. ಹೋಗುವಾಗಲೇ ಹನ್ನೊಂದು ಸಲ ನಿಂತಿದ್ದೆ. ಸ್ಟ್ರಾಂಗ್ ಹೈಬ್ರಿಡ್ಡೇ ಕಳಿಸಿ ಎಂದು ಶೋರೂಮಿಗೆ ಫೋನ್ ಮಾಡಿದೆ.

ಟೆಸ್ಟ್ ಡ್ರೈವ್ ದಿನ ಮುಂದೆ ನನ್ನ ಪಕ್ಕ ಶೋರೂಮಿನವರು. ಹಿಂದೆ ಮೇಷ್ಟ್ರು, ಮಂಜು. ಕ್ರಾಸಿನಲ್ಲಿ ಹುಲಿಗೆವ್ವ ತಲೆಯೇ ಎತ್ತಲಿಲ್ಲ. ಅವಳಿಗೆ ನನ್ನ ಹಳೆ ಕಾರು ಅರ್ಧ ಮೈಲಿ ದೂರದಿಂದ ಕೇಳಿಸುತ್ತಿತ್ತು, ಇದು ಸದ್ದೇ ಇಲ್ಲದೆ ಬಂದು ಪಕ್ಕದಲ್ಲಿ ನಿಂತಿತ್ತು. ಹಾರ್ನ್ ಹೊಡೆದ ಮೇಲೆ ಬೆಚ್ಚಿ ಎದ್ದಳು. ಸೊಪ್ಪಿನ ಗಂಟು ಮಂಜುವಿನ ತೊಡೆ ಏರಿತು. ಗಂಟಿನಿಂದ ನೀರು ಬೇರೆ ಸೋರುತ್ತಿತ್ತು.

ಗೇಟು ಬಿದ್ದಿತ್ತು. ನಿಂತೆವು. ಎಂಜಿನ್ ತಾನಾಗಿ ಆಫ್ ಆಯಿತು. ರೈಲು ಹೋಯಿತು, ಗೇಟು ಎದ್ದಿತು.

ಹಿಂದಿನ ಎರಡು ಬಾಗಿಲು ಒಟ್ಟಿಗೆ ತೆರೆದುಕೊಂಡವು. ಕನ್ನಡಿಯಲ್ಲಿ ನೋಡುತ್ತೇನೆ, ಹುಲಿಗೆವ್ವ ಸೆರಗು ಸಿಕ್ಕಿಸುತ್ತಿದ್ದಾಳೆ! ಮೇಷ್ಟ್ರು ಅಂಗಿಯ ತೋಳು ಮಡಚುತ್ತಿದ್ದಾರೆ!

“ಮೇಡಂ, ಅವರ್ಯಾಕ್ರಿ ಇಳಿದ್ರು?” ಶೋರೂಮಿನವರು ಗಾಬರಿಯಾದರು. ನಾನು ಉತ್ತರ ಹುಡುಕುವಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ. ಗಡಿಬಿಡಿಯಲ್ಲಿ ಬ್ರೇಕಿನಿಂದ ಕಾಲು ತೆಗೆದೆ. ಕಾರು ಸದ್ದಿಲ್ಲದೆ ಮುಂದೆ ಸರಿಯಿತು. ಹಿಂದೆ ಭುಜ ಕೊಟ್ಟವರಿಗೆ ಏನನ್ನಿಸಬೇಕು ಹೇಳಿ? ಗೇಟು ದಾಟಿ ಪಕ್ಕಕ್ಕೆ ನಿಲ್ಲಿಸಿದಾಗ ಇಬ್ಬರೂ ಏದುಸಿರು ಬಿಡುತ್ತಾ ಬಂದು ಹತ್ತಿದರು.

“ಬಾಳ ಹಗುರೈತ್ರಿ ಟೀಚರ್ರ ಈ ಗಾಡಿ,” ಎಂದಳು ಹುಲಿಗೆವ್ವ. ಮುಖದ ತುಂಬ ಬೆವರು, ಖುಷಿ.

ನನಗೆ ಆಗ ಹೊಳೆಯಿತು. ಎಂಜಿನ್ ಒಂದು, ಜೊತೆಗೆ ಹಿಂದಿನಿಂದ ಸಣ್ಣದೊಂದು ನೂಕು. ಅಯ್ಯೋ, ಒಂಬತ್ತು ವರ್ಷ ನಾನು ಓಡಿಸಿದ್ದೂ ಮೈಲ್ಡ್ ಹೈಬ್ರಿಡ್ಡೇ ಅಲ್ಲವೇ!

ನಾನು ಬಾಯಿ ಮುಚ್ಚಿಕೊಂಡಿದ್ದೆ. ಮಂಜುಗೆ ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. “ಹುಲಿಗೆವ್ವ, ನೀ ನೂಕಿದ್ದಕ್ಕ ಹೋಗಿಲ್ಲದು. ತಾನ ಹೋಗೈತಿ. ಈ ಗಾಡಿ ನೂಕೋದ ಬೇಕಾಗಿಲ್ಲ.”

“ಹೌದ?” ಎಂದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಮೆಲ್ಲಗೆ ಬಿಚ್ಚಿ ಮುಖದ ಬೆವರು ಒರೆಸಿಕೊಂಡಳು.

ಕಾರು ಬಂತು. ಪೂಜೆ ಆಯಿತು, ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದೂ ಆಯಿತು. ಸೋಮವಾರ ಕ್ರಾಸಿನಲ್ಲಿ ಹುಲಿಗೆವ್ವ ಇಲ್ಲ. ಮಂಗಳವಾರವೂ ಇಲ್ಲ. ಸಂಜೆ ಮಾರ್ಕೆಟ್ಟಿನಲ್ಲಿ ಹುಡುಕಿದೆ. ಅವಳ ಜಾಗದಲ್ಲಿ ಟೊಮೆಟೊದವರು ಕೂತಿದ್ದರು. ಅವಳು ಒಳಗಿನ ಮೂಲೆಯಲ್ಲಿದ್ದಳು, ಸೊಪ್ಪು ಅರ್ಧಕ್ಕರ್ಧ ಹಾಗೇ ಬಾಡಿತ್ತು.

“ಯಾಕವ್ವ, ನನ್ನ ಗಾಡಿ ಸೇರವಲ್ದೇನು?”

“ಹಂಗಲ್ರಿ ಟೀಚರ್ರ. ಅದರಾಗ ನೂಕತಿದ್ದೆ, ಕುಂದ್ರತಿದ್ದೆ. ಇದರಾಗ ಏನ್ ಮಾಡಿ ಕುಂದರ್ಲಿ? ಪುಕ್ಕಟ ಕುಂತ್ರ ನನಗ ಮೈಮ್ಯಾಲ ಮುಳ್ಳಾಡಿದಂಗ ಆಕ್ಕೈತಿ.”

ನನಗೆ ನಾಚಿಕೆಯಾಯಿತು. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ಒಂಬತ್ತು ವರ್ಷ ಬೀಗಿದ್ದೆ. ಅವಳು ಆ ಒಂಬತ್ತು ವರ್ಷವೂ ತನ್ನ ಸೀಟಿನ ಬೆಲೆಯನ್ನು ಭುಜದಿಂದ ಕಟ್ಟುತ್ತಿದ್ದಳು. ದುಡ್ಡು ಬೇಡ ಎಂದೆ, ಮೆಂತ್ಯ ಬೇಡ ಎಂದೆ, ಈಗ ಅವಳ ಭುಜವೂ ಬೇಡವಾಯಿತು. ಎಲ್ಲವನ್ನೂ ಬೇಡ ಎನ್ನುವ ಹಕ್ಕು ನನಗೆ ಯಾರು ಕೊಟ್ಟರು?

ಮೊದಲು ಎರಡು ಕಟ್ಟು ಮೆಂತ್ಯ ಕೇಳಿ ಇಸಿದುಕೊಂಡೆ. ಆಮೇಲೆ ಉಳಿದ ಸೊಪ್ಪಿನ ಗಂಟಿನ ಸಮೇತ ಅವಳನ್ನು ಕಾರಿನ ಹತ್ತಿರ ಕರೆದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಸ್ವಲ್ಪ ದೂರ ಓಡಿಸಿ ಬ್ರೇಕ್ ಹಾಕಿದೆ. ಪರದೆಯ ಮೇಲೆ ಚಕ್ರದಿಂದ ಬ್ಯಾಟರಿ ಕಡೆಗೆ ಹಸಿರು ಬಾಣ ಓಡಿತು.

“ನೋಡು, ನಿನ್ನ ಹತ್ತಿಸಾಕ ನಿಂತಾಗ ಕರೆಂಟ್ ಹಿಂಗ ಒಳಗ ಹೋಗತೈತಿ. ಭಾರ ಜಾಸ್ತಿ ಇದ್ದಷ್ಟೂ ಜಾಸ್ತಿ ಹೋಗತೈತಿ.”

(ಓದುಗರಲ್ಲಿ ವಿಜ್ಞಾನದ ಮೇಷ್ಟ್ರಿದ್ದರೆ ಕ್ಷಮಿಸಿ. ಭಾರ ಎಳೆದುಕೊಂಡು ಹೊರಡಲು ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ, ವಾಪಸ್ ಬರುವುದು ಅದರಲ್ಲಿ ಒಂದು ಪಾಲು ಮಾತ್ರ. ಆ ಪಾಠವನ್ನು ನಾನು ಅವತ್ತು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದೆ.)

ಹುಲಿಗೆವ್ವ ಬಾಣವನ್ನೇ ನೋಡಿದಳು. ಗಂಟನ್ನು ಮಡಿಲಿಗೆ ಎಳೆದುಕೊಂಡು, “ಇದೂ ಲೆಕ್ಕಕ್ಕ ಬರತೈತೇನ್ರಿ?” ಎಂದಳು. ಬರತೈತಿ ಎಂದೆ.

ಮರುದಿನದಿಂದ ಮುಂದಿನ ಸೀಟು ಅವಳದೇ. ಕಣ್ಣು ಪರದೆಯ ಮೇಲೆ. ದೂರದಲ್ಲಿ ಯಾರಾದರೂ ಬಸ್ಸಿಗೆ ಕಾಯುವುದು ಕಂಡರೆ ನನಗಿಂತ ಮುಂಚೆ ಅವಳೇ, “ನಿಲ್ಲಸ್ರಿ, ನಿಲ್ಲಸ್ರಿ!” ಅನ್ನುತ್ತಾಳೆ. ಮಾರ್ಕೆಟ್ಟಿನಲ್ಲಿ ಹಳೆ ಜಾಗ ಮತ್ತೆ ಸಿಕ್ಕಿದೆ. ನಮ್ಮ ಮನೆಯಲ್ಲಿ ವಾರಕ್ಕೆರಡು ದಿನ ಮೆಂತ್ಯ ಪಲ್ಯ.

ಮೊನ್ನೆ ಶನಿವಾರ ಮಂಜು ಜೊತೆಗೆ ಬಂದಿದ್ದ. ಹಿಂದಿನ ಸೀಟಿಗೆ ನಾಲ್ಕನೆಯವರನ್ನು ತುರುಕಿದಾಗ ಅವನಿಗೆ ತಡೆಯಲಾಗಲಿಲ್ಲ. “ಸಾಕು ಬಿಡವ್ವ ಹುಲಿಗೆವ್ವ, ಮೈಲೇಜ್ ಬೀಳತೈತಿ!”

ಅವಳು ಹಿಂದೆ ತಿರುಗಿ, ಏನೂ ಓದದವನನ್ನು ನೋಡುವ ಹಾಗೆ ಅವನನ್ನು ನೋಡಿದಳು.

“ಯಾರನ್ನೂ ಹತ್ತಿಸ್ಕೊಳ್ಳದ ಗಾಡಿಗಿ ಬ್ಯಾಟ್ರಿ ಹೆಂಗ ತುಂಬತೈತೋ ತಮ್ಮಾ?”